‘ನಡತೆಗೆಟ್ಟವಳು’ ಅಂದರೆ ಯಾರು?

ಈ ನಿಘಂಟಿಗೆ ನಾನು ಕೊಟ್ಟಿದ್ದು ಇನ್ನೂರ ನಲವತ್ತು ರೂಪಾಯಿ. ಅಂಗಡಿಯವನು ಹೇಳಿದ್ದು ಐನೂರು. ಅವೆನ್ಯೂ ರಸ್ತೆಯ ಹಳೇ ಪುಸ್ತಕದಂಗಡಿಗಳಲ್ಲಿ ಮೊದಲು ಹೇಳುವ ಬೆಲೆ ಬರೀ ನಮಸ್ಕಾರವಿದ್ದಂತೆ. ನಾವೂ ತಿರುಗಿ ಒಂದು ನಮಸ್ಕಾರ ಹಾಕಿ ಹೊರಟಂತೆ ನಟಿಸಬೇಕು, ಆಮೇಲೆ ವ್ಯಾಪಾರ ಶುರು. ಪುಸ್ತಕದ ಬೆನ್ನು ಬಿಟ್ಟುಕೊಂಡದ್ದನ್ನು ತೋರಿಸಿದೆ. ‘ಹ’ ಅಕ್ಷರ ಅರ್ಧಕ್ಕೇ ನಿಂತು ಕೊನೆಯ ಹಾಳೆಗಳೇ ಇಲ್ಲದ್ದನ್ನು ತೋರಿಸಿದೆ. ಅವನು ಬೇಸತ್ತು, “ಅಮ್ಮಾ, ನಿಮಗೆ ಯಾವ್ ಪದ ಬೇಕು ಅದನ್ ಹೇಳಿ. ಅದೊಂದು ಇದ್ರೆ ಸಾಕಲ್ವಾ?” ಅಂದ. ಮಾತೇನೋ ಸರಿಯೇ. ನನಗೆ ಬೇಕಾಗಿದ್ದದ್ದು ಒಂದೇ ಪದ. ಆದರೆ ಅರವತ್ತೆಂಟು ವರ್ಷದ ಹೆಂಗಸು ಜನ ತುಂಬಿದ ಬೀದಿಯಲ್ಲಿ ನಿಂತು, “ಇದರಲ್ಲಿ ನಡತೆಗೆಟ್ಟವಳು ಇದಾಳೇನಪ್ಪ?” ಎಂದು ಕೇಳುವುದು ಹೇಗೆ? ಪೂರ್ತಿ ಪುಸ್ತಕಕ್ಕೇ ದುಡ್ಡು ಕೊಟ್ಟು ತಂದೆ.

ಮನೆಗೆ ತಂದು ತೆರೆದರೆ ಗೋದಾಮಿನಲ್ಲಿ ಮಳೆಗಾಲ ಕಳೆದ ಬಟ್ಟೆಯ ವಾಸನೆ. ಕನ್ನಡಕ ಒರೆಸಿಕೊಂಡು ಹುಡುಕಿದೆ. ಒಂದು ಸಾಲಿನಲ್ಲಿ ಮುಗಿಸಿದ್ದಾರೆ: ಒಳ್ಳೆಯ ನಡವಳಿಕೆ ಬಿಟ್ಟವರು ಎಂಬಂಥ ಅರ್ಥ. ಗಂಡೋ ಹೆಣ್ಣೋ ಎಂದು ಹೇಳಿಲ್ಲ. ಸಂಜೆ ಎಷ್ಟು ಗಂಟೆಯೊಳಗೆ ಮನೆ ಸೇರಬೇಕೆಂದು ಹೇಳಿಲ್ಲ. ಸ್ಕೂಟರಿನ ಸುದ್ದಿಯಂತೂ ಇಲ್ಲವೇ ಇಲ್ಲ. ಆಗ ಗೊತ್ತಾಯಿತು, ಇದನ್ನು ಬರೆದವರು ಬಹಳ ಓದಿದವರೇ ಇರಬೇಕು, ಆದರೆ ಚಾಮರಾಜಪೇಟೆಯಲ್ಲಿ ಅಂಗಡಿ ಇಟ್ಟವರಲ್ಲ.

ನಾನು ಇಟ್ಟವಳು. ರವಿಕೆ ಬಟ್ಟೆ, ಲೈನಿಂಗು, ಸೀರೆ ಅಂಚಿಗೆ ಹೊಲಿಯುವ ಫಾಲು, ದಾರ ಮಾರುವ ಎಂಟಡಿ ಅಗಲದ ಮ್ಯಾಚಿಂಗ್ ಸೆಂಟರು. ಅದಕ್ಕೂ ಮುಂಚೆ ಒಂಬತ್ತು ವರ್ಷ ಚಿಕ್ಕಪೇಟೆಯ ಸಗಟು ಅಂಗಡಿಗಳಿಂದ ರವಿಕೆ ಕಣ ತಂದು, ಹೆಗಲ ಮೇಲೆ ಚೀಲ ಹೊತ್ತು, ಮನೆ ಮನೆ ಬಾಗಿಲು ತಟ್ಟಿ ಮಾರಿದವಳು. ಊರು ಮಾಗಡಿ ಕಡೆ, ರಾಗಿ ಹೊಲದ ಮನೆ. ನನಗೆ ಓದು ಏಳನೇ ಕ್ಲಾಸು. ಆದರೆ ಒಬ್ಬ ಹೆಂಗಸು ಅಂಗಡಿ ಮೆಟ್ಟಿಲು ಹತ್ತುವಾಗಲೇ ಅವಳು ಕೊಳ್ಳಲು ಬಂದವಳೋ, ಹೊತ್ತು ಕಳೆಯಲು ಬಂದವಳೋ, ಇಲ್ಲಾ ವಿಚಾರಿಸಲು ಬಂದವಳೋ ಹೇಳಬಲ್ಲೆ.

ಈ ಮೂರನೆಯ ಜಾತಿಯ ಬಗ್ಗೆ ಹೇಳಬೇಕು. ನಮ್ಮ ಕಡೆ ಸಂಬಂಧ ನೋಡುವಾಗ ಜಾತಕ ಕೂಡಿದ ಮೇಲೆ, ಉಪ್ಪಿಟ್ಟು-ಕೇಸರಿಭಾತಿಗೆ ಮುಂಚೆ, ಒಂದು ಕೆಲಸವಿದೆ. ಗಂಡಿನ ಕಡೆಯ ಹೆಂಗಸೊಬ್ಬಳು ಹುಡುಗಿಯ ಬೀದಿಗೆ ಬಂದು, ಇಸ್ತ್ರಿಯವನನ್ನೋ ಹೂವಿನವಳನ್ನೋ ನನ್ನಂಥವಳನ್ನೋ ನಡತೆ ಹೇಗೆಂದು ಕೇಳುವುದು. ಬರಿಗೈಯಲ್ಲಿ ಕೇಳುವುದು ಮರ್ಯಾದೆಯಲ್ಲ. ಹಾಗಾಗಿ ಅರ್ಧ ಮೀಟರ್ ಲೈನಿಂಗ್ ಕೊಳ್ಳುತ್ತಾರೆ. ಅರ್ಧ ಮೀಟರಿನಲ್ಲಿ ಗೊಂಬೆಗೂ ರವಿಕೆಯಾಗುವುದಿಲ್ಲ. ನಾನು ಅದನ್ನು ಮಡಿಸಿ ಕಾಗದದಲ್ಲಿ ಸುತ್ತುವಷ್ಟರಲ್ಲಿ, ಧ್ವನಿ ತಗ್ಗಿಸಿ ಶುರು ಮಾಡುತ್ತಾರೆ: “ಅಕ್ಕಾ, ಆ ಮೂಲೆ ಮನೆ ಹುಡುಗಿ… ನೀವು ನೋಡ್ತಿರ್ತೀರಲ್ಲ.”

ಉತ್ತರಕ್ಕೂ ಒಂದು ಪದ್ಧತಿ ಇದೆ. ಹುಡುಗಿ ಒಳ್ಳೆಯವಳಾದರೆ “ಚಿನ್ನದಂಥ ಹುಡುಗಿ, ಕಣ್ಮುಚ್ಕೊಂಡು ಮಾಡ್ಕೊಳ್ಳಿ” ಅನ್ನಬೇಕು. ಅದಕ್ಕಿಂತ ಒಂದು ಎಳೆ ಕಡಿಮೆಯಾದರೂ ಅವರು ಬೆಲೆ ಕಟ್ಟಿಬಿಡುತ್ತಾರೆ. “ಪರವಾಗಿಲ್ಲ” ಅಂದರೆ ಏನೋ ಇದೆ. “ನಮಗ್ಯಾಕಮ್ಮ ಅದೆಲ್ಲ, ಬೇರೆ ಕಡೆ ಒಂದ್ಸಲ ಕೇಳಿ” ಅಂದರೆ ಮುಗಿಯಿತು. ಆ ಮನೆಗೆ ಮತ್ತೆ ಫೋನು ಬರುವುದಿಲ್ಲ. ನಡತೆಗೆಟ್ಟವಳು ಎಂಬ ಪದವನ್ನು ಯಾರೂ ಉಚ್ಚರಿಸಬೇಕಾಗಿಯೇ ಇಲ್ಲ. ಅದು ತಾನಾಗಿ ಪೊಟ್ಟಣದೊಳಗೆ ಹೋಗಿ ಕೂತಿರುತ್ತದೆ.

ಮೊನ್ನೆ ಮಂಗಳವಾರ ಹಾಗೊಬ್ಬರು ಬಂದರು. ಸಂಪಿಗೆ ರಸ್ತೆಯ ಕಡೆಯವರಂತೆ, ಮೆಟ್ರೋದಲ್ಲಿ ಬಂದದ್ದಂತೆ, ಒಳ್ಳೆ ಮೈಸೂರು ಸಿಲ್ಕ್ ಉಟ್ಟಿದ್ದರು. ನಮ್ಮ ಹಿಂದಿನ ಬೀದಿಯ ಮೇಘನಾಳನ್ನು ಮಗನಿಗೆ ನೋಡುತ್ತಿದ್ದಾರೆ. “ಹುಡುಗಿ ಬಗ್ಗೆ ಏನಿಲ್ಲ. ಆದ್ರೆ ಮನೇಲಿ ಸೋದರತ್ತೆ ಒಬ್ರು ಇದಾರಂತಲ್ಲ, ವನಜಾ ಅಂತ. ಮದ್ವೆ ಇಲ್ಲ. ನಡತೆಗೆಟ್ಟೋರಂತೆ?” ಅಂದರು. ಲೈನಿಂಗಿಗೆ ಇಟ್ಟ ಕತ್ತರಿಯನ್ನು ತೆಗೆದಿಟ್ಟೆ. “ಈ ಬಣ್ಣ ಸರಿ ಹೊಂದಲ್ಲ, ಶುಕ್ರವಾರ ಬನ್ನಿ, ಹೊಸ ಮಾಲು ಬರತ್ತೆ” ಎಂದು ಕಳುಹಿಸಿಬಿಟ್ಟೆ. ಮಾರನೆಯ ದಿನ ಹೋಗಿ ಈ ನಿಘಂಟು ತಂದೆ. ಏಕೆಂದರೆ ಆ ಪದ ವನಜಾಳ ಮೈಗೆ ಅಂಟಿದ ದಿನ ನಾನು ಅಲ್ಲೇ ಇದ್ದೆ, ಇದೇ ಕೌಂಟರಿನ ಹಿಂದೆ.

ಮೂವತ್ತೈದು ವರ್ಷದ ಹಿಂದಿನ ಮಾತು. ವನಜಾ ನಮ್ಮ ಪೇಟೆಯ ಒಂದು ಗೃಹ ನಿರ್ಮಾಣ ಸಂಘದಲ್ಲಿ ಟೈಪಿಸ್ಟ್ ಆಗಿದ್ದಳು. ಮೇಷ್ಟರ ಮಗಳು. ಉದ್ದ ಜಡೆ, ವೇಗದ ನಡಿಗೆ, ಚೌಕಾಸಿ ಮಾಡಲು ಬಾರದು. ನಾನು ಹತ್ತು ರೂಪಾಯಿ ಅಂದರೆ ಹತ್ತು ಕೊಡುತ್ತಿದ್ದಳು. “ಯಾಕಮ್ಮ, ಎಂಟಕ್ಕೆ ಕೊಡಿ ಅನ್ನಬಾರ್ದಾ?” ಎಂದರೆ, “ನೀವ್ ಎಂಟಕ್ಕೆ ಕೊಡೋದಾದ್ರೆ ಹತ್ತು ಅಂತ ಯಾಕಕ್ಕ ಹೇಳ್ತೀರಾ?” ಅನ್ನುತ್ತಿದ್ದಳು.

ಗೃಹ ನಿರ್ಮಾಣ ಸಂಘವೆಂದರೆ ಬೆಂಗಳೂರಿನವರಿಗೆ ವಿವರಿಸಬೇಕಾಗಿಲ್ಲ. ಸೈಟಿಗಾಗಿ ಸದಸ್ಯರಾದವರ ಹಿರಿತನದ ಪಟ್ಟಿ ಒಂದಿರುತ್ತದೆ, ಮೊದಲು ಸೇರಿದವರಿಗೆ ಮೊದಲು. ಆ ಸಂಘದ ಕಾರ್ಯದರ್ಶಿಗಳು ಒಂದು ದಿನ ವನಜಾಳ ಮುಂದೆ ಕೈಬರಹದ ಹೊಸ ಪಟ್ಟಿ ಇಟ್ಟು, ಹಳೇ ತಾರೀಕು ಹಾಕಿ ಟೈಪ್ ಮಾಡು ಎಂದರು. ಕೆಳಗಿದ್ದ ಕೆಲವರು ಮೇಲೆ ಬಂದಿದ್ದರು. ಇವಳು ಹಳೇ ಪಟ್ಟಿಯನ್ನು ಇದ್ದ ಹಾಗೇ ಟೈಪ್ ಮಾಡಿ, ಮೇಜಿನ ಮೇಲಿಟ್ಟು ಮನೆಗೆ ಹೋದಳು. ಕೂಗಾಡಲಿಲ್ಲ, ಅರ್ಜಿ ಬರೆಯಲಿಲ್ಲ. ಅಷ್ಟೇ ಅವಳು ಮಾಡಿದ್ದು.

ಒಂದು ವಾರದೊಳಗೆ ಮಾತು ಹುಟ್ಟಿತು. ಅದೂ ಎಷ್ಟು ಮೃದುವಾಗಿ ಹುಟ್ಟಿತೆಂದರೆ! ಕಾರ್ಯದರ್ಶಿಗಳು ಯಾರನ್ನೂ ಬಯ್ಯುವವರಲ್ಲ. ಹಣೆಗೆ ಗಂಧ, ಬಾಯಲ್ಲಿ ಸದಾ ಲವಂಗ. “ಒಳ್ಳೆ ಮನೆ ಹುಡುಗಿ, ಏನೋ ದಾರಿ ತಪ್ತಾ ಇದೆ ಪಾಪ” ಎಂದು ನಿಟ್ಟುಸಿರು ಬಿಟ್ಟರಂತೆ. ನಿಟ್ಟುಸಿರಿಗೆ ಉಳಿದವರು ಕೈಕಾಲು ಸೇರಿಸಿದರು. ಆರೂವರೆಗೆ ಆಫೀಸಿಂದ ಹೊರಡ್ತಾಳಂತೆ. ಯಾರದೋ ಸ್ಕೂಟರಲ್ಲಿ ಇಳಿದ್ಲಂತೆ. ಆ ಸ್ಕೂಟರು ಅವಳ ಸ್ವಂತ ಚಿಕ್ಕಪ್ಪನದು. ಬೀದಿಯಲ್ಲಿ ಅರ್ಧ ಜನಕ್ಕೆ ಅದು ಗೊತ್ತಿತ್ತು. ಗೊತ್ತಿದ್ದವರೂ ‘ಅಂತೆ’ ಸೇರಿಸಿ ಮುಂದಕ್ಕೆ ದಾಟಿಸಿದರು.

ನನಗೆ ಮೈ ಉರಿಯುವುದು ಇಲ್ಲೇ. ಇಷ್ಟು ವರ್ಷ ಕೌಂಟರಿನ ಹಿಂದೆ ನಿಂತಿದ್ದೇನೆ, ಈ ಪದವನ್ನು ಒಬ್ಬ ಗಂಡಸಿನ ಮೇಲೆ ಪ್ರಯೋಗಿಸಿದ್ದನ್ನು ಕೇಳಿಲ್ಲ. ಗಂಡಸು ಕುಡಿದರೆ ‘ಸ್ವಲ್ಪ ಫ್ರೆಂಡ್ಸು ಜಾಸ್ತಿ’. ಎರಡನೇ ಮನೆ ಮಾಡಿದರೆ ‘ಅವರಿಗೆ ಓಡಾಟ ಇರತ್ತೆ’. ಮೇಜಿನ ಕೆಳಗೆ ಕೈ ಚಾಚಿ ಚಾಚಿ ಮೂರಂತಸ್ತು ಎಬ್ಬಿಸಿದರೆ ‘ಚೆನ್ನಾಗಿ ಮಾಡ್ಕೊಂಡಿದಾರೆ’. ಪೇಪರಿನವರು ಭ್ರಷ್ಟ ಎಂದು ದಪ್ಪಕ್ಷರದಲ್ಲಿ ಬರೆಯಬಹುದು. ಆದರೆ ಅದು ಓದುವ ಪದ, ಆಡುವ ಪದವಲ್ಲ. ಪಕ್ಕದ ಮನೆಯ ಬಾಗಿಲಲ್ಲಿ ನಿಂತು “ಭ್ರಷ್ಟರು ಮನೇಲಿದಾರಾ?” ಎಂದು ಯಾರಾದರೂ ಕೇಳಿದ್ದನ್ನು ನೀವು ಕೇಳಿದ್ದೀರಾ? ಅವರ ಮನೆ ಗೃಹಪ್ರವೇಶಕ್ಕೆ ನಾವೇ ಸ್ಟೀಲ್ ಡಬ್ಬ ಹಿಡಿದು ಹೋಗುತ್ತೇವೆ, ಗ್ರಾನೈಟು ಮುಟ್ಟಿ ನೋಡಿ ಬರುತ್ತೇವೆ. ನಡತೆ ಕೆಡುವುದು ಮಾತ್ರ ಹೆಣ್ಣಿನದ್ದು, ಅದೂ ಆರೂವರೆಯ ನಂತರ. ಪಟ್ಟಿ ತಿದ್ದಿದವರ ನಡತೆಗೆ ಏನೂ ಆಗಲಿಲ್ಲ. ತಿದ್ದಲೊಲ್ಲದವಳದ್ದು ಕೆಟ್ಟಿತು. ಇದಕ್ಕಿಂತ ತಲೆಕೆಳಗಾದ ನಿಘಂಟು ಇದೆಯೇ?

ನಾನೇನು ಆ ಪದದ ರುಚಿ ನೋಡದವಳಲ್ಲ. ಚೀಲ ಹೊತ್ತು ತಿರುಗುತ್ತಿದ್ದಾಗ, ಮಧ್ಯಾಹ್ನ ಗಂಡಸರು ಮಾತ್ರ ಇರುವ ಮನೆಯ ಬಾಗಿಲು ತಟ್ಟಿದೆನೆಂದು ನನಗೂ ಅದನ್ನು ಅಂಟಿಸಿದ್ದರು. ಬಸವನಗುಡಿಯ ಒಂದು ಮನೆಯಲ್ಲಿ ಅಜ್ಜಿಯೊಬ್ಬರು ನಾನು ಮುಟ್ಟಿದ ಕಣವನ್ನು ಕಡ್ಡಿಯಿಂದ ಸರಿಸಿದ್ದರು. ನಾನು ಅಂಗಡಿ ಹಾಕಿ, ಬೋರ್ಡು ಬರೆಸಿ, ಮಾತಿನಲ್ಲಿ ಗಡಸಾಗಿ ಅದನ್ನು ಕೆರೆದು ತೆಗೆದೆ. ಹಾಗಾಗಿ ನನಗೆ ಚೆನ್ನಾಗಿ ಗೊತ್ತಿರಬೇಕಿತ್ತು.

ಇಷ್ಟಾದ ಮೇಲೆ ವನಜಾಳನ್ನು ನೋಡಲು ಗಂಡಿನ ಕಡೆಯವರು ಬಂದರು. ಒಳ್ಳೆಯ ಸಂಬಂಧ. ಹುಡುಗ ಬ್ಯಾಂಕಿನಲ್ಲಿದ್ದ, ಇವಳಿಗೂ ಮನಸ್ಸಿತ್ತು. ಅವನ ಅಕ್ಕ ನನ್ನ ಅಂಗಡಿಗೆ ಬಂದು, ಅರ್ಧ ಮೀಟರ್ ಬಿಳಿ ಲೈನಿಂಗ್ ಹೇಳಿ, ಧ್ವನಿ ತಗ್ಗಿಸಿದಳು. ನಾನು ಬಟ್ಟೆ ಮಡಿಸುತ್ತಾ ಹೇಳಿದೆ: “ನಮಗ್ಯಾಕಮ್ಮ ಅದೆಲ್ಲ. ಬೇರೆ ಕಡೆ ಒಂದ್ಸಲ ಕೇಳಿ.”

ಯಾಕೆ ಹಾಗೆಂದೆ? ಈಗ ಹೇಳಲೇಬೇಕು, ಇಲ್ಲದಿದ್ದರೆ ಈ ಬರಹವೂ ಅರ್ಧ ಮೀಟರಿನ ವ್ಯಾಪಾರವೇ. ಆ ಸಂಘದಲ್ಲಿ ನಾನೂ ಸದಸ್ಯೆ. ಕಾರ್ಯದರ್ಶಿಗಳ ಹೆಂಡತಿ ನನ್ನ ಖಾಯಂ ಗಿರಾಕಿ. ಹಿಂದಿನ ವಾರವಷ್ಟೇ ಫಾಲು ಆರಿಸುತ್ತಾ, “ನಿಮ್ದೂ ಸ್ವಲ್ಪ ಮೇಲಕ್ಕೆ ಬರತ್ತೆ ಬಿಡಿ ಅಕ್ಕ, ನಮ್ಮವರು ನಿಮ್ಮನ್ನ ಮರೆಯಲ್ಲ” ಎಂದಿದ್ದರು. ನಾನು ಏನನ್ನೂ ಕೇಳಲಿಲ್ಲ. ಫಾಲಿನ ಜೊತೆ ಎರಡು ಉಂಡೆ ದಾರ ಹಾಗೇ ಕೊಟ್ಟೆ, ನನ್ನ ಚಾಲಾಕಿತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಅಂಥ ಹೊತ್ತಿನಲ್ಲಿ ‘ಚಿನ್ನದಂಥ ಹುಡುಗಿ’ ಎಂಬ ಮಾತು ನನಗೆ ದುಬಾರಿ ಅನ್ನಿಸಿತು.

ಸಂಬಂಧ ಮುರಿಯಿತು. ಒಂದು ಮಧ್ಯಾಹ್ನ ವನಜಾ ಬಂದಳು. ಅಂಗಡಿಯಲ್ಲಿ ಬೇರೆ ಇಬ್ಬರು ಗಿರಾಕಿಗಳಿದ್ದರು. ಅವಳು ಧ್ವನಿ ತಗ್ಗಿಸಲಿಲ್ಲ.

“ಅಕ್ಕಾ, ಅವರಿಗೆ ನೀವೇನ್ ಹೇಳಿದ್ರಿ?”

“ದೇವರಾಣೆ ನಾನೇನೂ ಹೇಳ್ಲಿಲ್ಲ ಕಣಮ್ಮ.”

“ಅದೇ. ಯಾಕ್ ಹೇಳ್ಲಿಲ್ಲ?”

ನಾನು ಬಟ್ಟೆಯ ಥಾನು ಸುತ್ತುತ್ತಾ ನಿಂತೆ. ಅವಳು ಕಾದು, ಹೊರಟುಹೋದಳು. ಅವತ್ತಿನಿಂದ ನನ್ನ ಅಂಗಡಿಯಲ್ಲಿ ಒಂದು ಪಿನ್ನನ್ನೂ ಕೊಂಡಿಲ್ಲ. ಎರಡು ಬೀದಿ ಆಚೆಯ ಅಂಗಡಿಯಿಂದ ಮ್ಯಾಚಿಂಗ್ ತಂದು, ಆ ಅಂಗಡಿಯ ಚೀಲ ಕಾಣುವಂತೆ ಹಿಡಿದು, ನನ್ನ ಮುಂದೆಯೇ ಹಾದುಹೋಗುತ್ತಾಳೆ. ಆಮೇಲೆ ಬಂದ ಸಂಬಂಧಗಳೂ ಬೀದಿಯ ತುದಿಯವರೆಗೆ ಬಂದು ಹಿಂದಿರುಗಿದವು. ಸಂಘದ ಕೆಲಸ ಬಿಟ್ಟು ಟ್ಯೂಷನ್ ಶುರು ಮಾಡಿದಳು, ತಮ್ಮನನ್ನು ಓದಿಸಿದಳು. ಅವನ ಮಗಳೇ ಈ ಮೇಘನಾ. ಇತ್ತ ಕಾರ್ಯದರ್ಶಿಗಳಿಗೆ ಹೋದ ವರ್ಷ ಸನ್ಮಾನವಾಯಿತು. ಕರೆಯೋಲೆಯಲ್ಲಿ ‘ಶುದ್ಧಚಾರಿತ್ರ್ಯದ ಹಿರಿಯರು’ ಎಂದು ಅಚ್ಚಾಗಿತ್ತು. ಹೆಸರು ಬರೆಯುವುದಿಲ್ಲ. ಕರುಣೆಯಿಂದಲ್ಲ, ಕೈಯಲ್ಲಿ ಕಾಗದವಿಲ್ಲದೆ ಮಾತಾಡಬಾರದೆಂಬ ವ್ಯಾಪಾರದ ಬುದ್ಧಿಯಿಂದ.

ಶುಕ್ರವಾರ ಮೈಸೂರು ಸಿಲ್ಕಿನವರು ಬಂದರು. ನಾನು ಬಟ್ಟೆ ತೆಗೆಯಲಿಲ್ಲ. ಸ್ಟೂಲು ಎಳೆದು ಕೂರಿಸಿದೆ.

“ನಡತೆಗೆಟ್ಟೋರು ಅಂದ್ರಲ್ಲ, ಏನ್ ಮಾಡಿದ್ರಂತೆ ಅವರು?”

“ಅಯ್ಯೋ, ಅದೆಲ್ಲ ಬಾಯ್ಬಿಟ್ಟು ಹೇಳ್ತಾರಾ ಯಾರಾದ್ರೂ…”

“ಹೇಳ್ಬೇಕಮ್ಮ. ಯಾವ ವರ್ಷ, ಎಲ್ಲಿ, ಯಾರು ನೋಡಿದ್ರು?”

“ನಾವು ಸುಮ್ನೆ ಕೇಳಿದ್ವಿ ಅಷ್ಟೇ.”

“ಹಂಗಾದ್ರೆ ನಾನು ಸುಮ್ನೆ ಹೇಳಲ್ಲ, ಕೇಳಿ” ಎಂದು ಪಟ್ಟಿಯ ಕಥೆಯನ್ನೆಲ್ಲ ಹೇಳಿದೆ, ಸ್ಕೂಟರಿನ ಸಮೇತ, ನನ್ನ ಬಾಯಿಂದ ಬಾರದೆ ಹೋದ ಮಾತಿನ ಸಮೇತ. ಬಾಗಿಲಲ್ಲಿ ನಿಂತಿದ್ದ ಹೂವಿನ ಲಕ್ಷ್ಮಮ್ಮ ಮೊಳ ಹಾಕುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು. ಮೈಸೂರು ಸಿಲ್ಕಿನವರು ಎದ್ದು, “ನೀವೇ ಒಂಥರಾ ಇದೀರಪ್ಪ” ಎಂದು ಹೊರಟರು. ಲಕ್ಷ್ಮಮ್ಮ ಮಾತ್ರ, “ಇದನ್ನ ಹೇಳಕ್ಕೆ ಇಷ್ಟ್ ವರ್ಷ ಬಾಯಲ್ ಏನ್ ಇಟ್ಕೊಂಡಿದ್ಯೆ?” ಎಂದಳು.

ಅದೇ ಮಾತು ಚುಚ್ಚಿ, ಭಾನುವಾರ ಬೆಳಿಗ್ಗೆ ವನಜಾಳ ಮನೆಗೆ ಹೋದೆ. ಅವಳೇ ಬಾಗಿಲು ತೆಗೆದಳು. ಜಡೆ ಬೆಳ್ಳಗಾಗಿದೆ, ನಡಿಗೆ ಹಾಗೇ ಇದೆ. ಹೊಸ್ತಿಲ ಆಚೆ ಅವಳು, ಈಚೆ ನಾನು. ಅವತ್ತು ಏನೆಂದೆ, ಯಾಕೆಂದೆ, ಎಲ್ಲ ಹೇಳಿದೆ. ನನ್ನ ಹೆಸರು ಮೇಲಕ್ಕೆ ಬರುವ ಆಸೆಯಿತ್ತು ಎಂದೂ ಹೇಳಿದೆ.

“ಗೊತ್ತು” ಅಂದಳು. “ನೀವು ನಲವತ್ತೊಂದರಲ್ಲಿ ಇದ್ರಿ. ಹನ್ನೊಂದಕ್ಕೆ ಹಾಕು ಅಂದಿದ್ರು.”

ಅವಳು ಟೈಪ್ ಮಾಡಲೊಲ್ಲದ ಪಟ್ಟಿಯಲ್ಲಿ ಮೇಲೇರಿದವರಲ್ಲಿ ನಾನೊಬ್ಬಳು ಎಂದು ಅವಳಿಗೆ ಮೊದಲ ದಿನದಿಂದ ಗೊತ್ತಿತ್ತು. ಗೊತ್ತಿದ್ದೂ ಅಂಗಡಿಗೆ ಬಂದು, “ಯಾಕ್ ಹೇಳ್ಲಿಲ್ಲ” ಎಂದಷ್ಟೇ ಕೇಳಿದ್ದಳು.

“ಹನ್ನೊಂದರಲ್ಲಿ ಯಾರಿದ್ರು?” ಅಂದೆ.

“ಒಬ್ರು ಪೋಸ್ಟ್‌ಮ್ಯಾನ್. ನಾನು ಮಾಡ್ಲಿಲ್ಲ ಅಂತ ಇನ್ನೊಬ್ರು ಟೈಪ್ ಮಾಡಿದ್ರು. ಅವರಿಗೆ ಕೊನೇವರೆಗೂ ಸೈಟು ಬರ್ಲಿಲ್ಲ.”

ನನಗೆ ಬಂದಿತ್ತು. ಒಂದು ವರ್ಷದೊಳಗೆ. ಅದರ ಮೇಲೆ ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದೇನೆ. ಹೀಗಿರುವಾಗ ನಿಘಂಟಿನ ಆ ಸಾಲನ್ನು ನಮ್ಮ ಬೀದಿಯಲ್ಲಿ ಯಾರಿಗೆ ಅನ್ವಯಿಸಬೇಕು, ನೀವೇ ಹೇಳಿ. ಆ ಮನೆಯನ್ನು ಏನು ಮಾಡಬೇಕೆಂದು ನನಗಿನ್ನೂ ತೋಚಿಲ್ಲ. ಪೋಸ್ಟ್‌ಮ್ಯಾನರ ಮಕ್ಕಳು ಎಲ್ಲಿದ್ದಾರೆಂದು ವಿಚಾರಿಸುತ್ತಿದ್ದೇನೆ. ವಿಚಾರಿಸುವ ಕೆಲಸ ನನಗೆ ಹೊಸದಲ್ಲವಲ್ಲ.

“ತಪ್ಪಾಯ್ತು ವನಜಾ” ಅಂದೆ.

“ನನ್ಹತ್ರ ಯಾಕ್ ಹೇಳ್ತೀರಾ? ನಾನೇನು ಅಂತ ನನಗೆ ಗೊತ್ತಿತ್ತು. ಬೀದಿಗ್ ಹೇಳಿ.”

“ಬರೀತೀನಿ. ಮಾಸಪತ್ರಿಕೆಗೆ ಕೊಡ್ತೀನಿ. ನಿನ್ ಹೆಸರು ಬದಲಾಯಿಸ್ಲಾ?”

ಮೊದಲ ಬಾರಿ ಅವಳ ಧ್ವನಿ ಏರಿತು. “ಯಾಕೆ? ಮುಚ್ಚಿಡೋಕೆ ನಾನೇನ್ ಮಾಡಿದೀನಿ?”

ಅದಕ್ಕೇ ವನಜಾ ಎಂದೇ ಬರೆದಿದ್ದೇನೆ. ಮೇಘನಾಳ ಸಂಬಂಧದ ಮಾತು ಇನ್ನೂ ನಡೆಯುತ್ತಿದೆಯಂತೆ. ಮೇಘನಾ ಮಾತ್ರ ಹುಡುಗನಿಗೇ ಫೋನ್ ಮಾಡಿ, “ನಮ್ಮತ್ತೆ ಬಗ್ಗೆ ನಿಮ್ಮಮ್ಮ ಕೇಳಿದ್ದು ನಿಮಗ್ ಗೊತ್ತಾ?” ಎಂದು ಕೇಳಿದ್ದಾಳೆಂದು ಸುದ್ದಿ. ಅವನ ಉತ್ತರದ ಮೇಲೆ ನಿಂತಿದೆ. ಹಾಗೇ ನಿಲ್ಲಲಿ.

ಈಗ ನಿಮಗೆ ಒಂದೆರಡು ಮಾತು, ದುಡ್ಡು ಕೇಳುವುದಿಲ್ಲ. ನಾಳೆ ನಿಮ್ಮ ಗೇಟಿನ ಹತ್ತಿರವೋ ಲಿಫ್ಟಿನಲ್ಲೋ ಫೋನಿನಲ್ಲೋ ಯಾರಾದರೂ ಒಬ್ಬಳ ನಡತೆ ಕೇಳುತ್ತಾರೆ. ಕೇಳುವವರು ಧ್ವನಿ ತಗ್ಗಿಸಿದರೆ ನೀವು ಏರಿಸಿ. ಕಂಡವರು ಯಾರು, ಕಂಡದ್ದೇನು ಎಂದು ಕೇಳಿ. ‘ಅಂತೆ’ ಎಂದು ಮುಗಿಯುವ ಸರಕನ್ನು ಕೈಗೆ ತೆಗೆದುಕೊಳ್ಳಲೇಬೇಡಿ. ಬಾಯಿ ತೆರೆಯುವ ಮುಂಚೆ, ನಿಮಗೆ ಆ ಬೀದಿಯಲ್ಲಿ ಯಾರಿಂದ ಏನಾಗಬೇಕಾಗಿದೆ ಎಂದು ಒಮ್ಮೆ ನೋಡಿಕೊಳ್ಳಿ. ಆಗಬೇಕಾದ್ದು ಇದ್ದರೆ ಅದನ್ನೇ ಮೊದಲು ಹೇಳಿಬಿಡಿ. ಆ ಹೆಣ್ಣಿನ ಬಗ್ಗೆ ಕೆಟ್ಟದ್ದು ಗೊತ್ತಿಲ್ಲದಿದ್ದರೆ, ‘ಕೆಟ್ಟದ್ದೇನೂ ಗೊತ್ತಿಲ್ಲ’ ಎಂದು ವಾಕ್ಯ ಪೂರ್ತಿ ಮಾಡಿ. ‘ನಮಗ್ಯಾಕೆ’ ಎಂದು ನಿಲ್ಲಿಸಬೇಡಿ. ಅಕಸ್ಮಾತ್ ನಿಲ್ಲಿಸಿಬಿಟ್ಟಿದ್ದರೆ ಅದೇ ಸಂಜೆ ಚಪ್ಪಲಿ ಮೆಟ್ಟಿ ಅವಳ ಮನೆಗೆ ಹೋಗಿ. ಮೂವತ್ತೈದು ವರ್ಷ ಬಿಟ್ಟು ಹೋದರೂ ಬಾಗಿಲು ತೆಗೆಯುತ್ತಾರೆ. ಒಳಗೆ ಬನ್ನಿ ಅನ್ನುವುದಿಲ್ಲ.